ಪೊಸೆಸಿವ್ ಅಂದ್ರೆ ಎಂತ?

ಉಪ್ಪುಂದದಲ್ಲಿ ಹೆದ್ದಾರಿಯ ಬದಿಗೆ ನಮ್ಮದೊಂದು ಜೆರಾಕ್ಸ್ ಅಂಗಡಿ. ಕೋಟದಿಂದ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಬಿ.ಎ. ಓದಿದವಳು ಮನೆಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ನನ್ನ ಗಂಡ ಹಾಕಿಸಿಕೊಟ್ಟಿದ್ದರು. ಅರ್ಜಿ ಬರೆದುಕೊಡುವುದು, ಯಾರಿಗಾದರೂ ಬಂದ ಇಂಗ್ಲಿಷ್ ಕಾಗದ ಓದಿ ಹೇಳುವುದು ಕೂಡ ಕ್ರಮೇಣ ನನ್ನ ಕೆಲಸವೇ ಆಗಿಹೋಗಿತ್ತು. ಹಾಗಾಗಿ 2007ರ ನವೆಂಬರಿನ ಒಂದು ಬೆಳಿಗ್ಗೆ ಬಾಗಕ್ಕ ಮೀನಿನ ಬುಟ್ಟಿಯನ್ನು ಅಂಗಡಿಯ ಹೊರಗಿನ ಕಟ್ಟೆಗೆ ಇಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಇಂಗ್ಲಿಷ್ ಮಾತಿನ ಅರ್ಥ ಕೇಳಿದಾಗ ನನಗೆ ವಿಶೇಷ ಅನ್ನಿಸಲಿಲ್ಲ.

“ಪೊಸೆಸಿವ್ ಅಂದ್ರೆ ಎಂತ ಅಮ್ಮ?”

ನಾನು ನಕ್ಕೆ. ಆ ಮಾತು ಆಗ ಟಿ.ವಿ. ಧಾರಾವಾಹಿಗಳಲ್ಲಿ, ಕಾಲೇಜು ಹುಡುಗಿಯರ ಬಾಯಲ್ಲಿ ಓಡಾಡುತ್ತಿತ್ತು. ಹೇಳುವವರೆಲ್ಲ ಸ್ವಲ್ಪ ನಾಚಿಕೊಂಡು, ಸ್ವಲ್ಪ ಹೆಮ್ಮೆಪಟ್ಟುಕೊಂಡು ಹೇಳುತ್ತಿದ್ದರು. ಅದೇ ಧಾಟಿಯಲ್ಲಿ ನಾನೂ ಹೇಳಿದೆ: “ಭಾರಿ ಪ್ರೀತಿ ಅಂದೇಳಿ ಬಾಗಕ್ಕ. ಬಿಟ್ ಇಪ್ಪುಕಾಗದಷ್ಟ್ ಪ್ರೀತಿ.”

ಬಾಗಕ್ಕ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು.

“ಪ್ರೀತಿಗೆ ನಮ್ಮ್ ಊರಂಗೇ ಮಾತ್ ಇತ್ತಲೆ. ಅದ್ಕೆ ಇಂಗ್ಲಿಷ್ ಎಂತಕ್?”

ಅಷ್ಟರಲ್ಲಿ ಯಾರೋ ಆರ್‌ಟಿಸಿ ಪ್ರತಿ ತೆಗೆಸಲು ಬಂದರು, ನಾನು ಮೆಷಿನ್ನಿನ ಕಡೆ ತಿರುಗಿದೆ. ಬಾಗಕ್ಕ ತಲೆಯ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊತ್ತು ಬೈಂದೂರಿನ ಕಡೆ ನಡೆದಳು. ಆ ದಿನ ನಾನು ಎಷ್ಟು ಹಗುರವಾಗಿ ಮಾತಾಡಿದೆ ಎಂದು ಈಗ ನೆನೆದರೂ ನನಗೆ ನಾಚಿಕೆಯಾಗುತ್ತದೆ.

ಬಾಗಕ್ಕನಿಗೆ ಆಗ ನಲವತ್ತೈದರ ಹತ್ತಿರ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬೆಳಿಗ್ಗೆ ದೋಣಿ ದಡಕ್ಕೆ ಬರುವ ಹೊತ್ತಿಗೆ ಕಡಲ ಬದಿಗೆ ಹೋಗಿ ಮೀನು ತಂದು, ಉಪ್ಪುಂದದಿಂದ ಬೈಂದೂರಿನವರೆಗೆ ಮನೆ ಮನೆಗೆ ಕೊಡುತ್ತಿದ್ದಳು. ಯಾವ ಮನೆಯಲ್ಲಿ ಬಂಗಡೆ ಬೇಕು, ಯಾವ ಮನೆಯ ಅಜ್ಜನಿಗೆ ಮುಳ್ಳು ಆಗದು, ಯಾವ ಮನೆಯಲ್ಲಿ ಸೋಮವಾರ ಮೀನು ಮುಟ್ಟುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ನಿನ್ನೆಯ ಮೀನಾಗಿದ್ದರೆ ಕೇಳುವ ಮೊದಲೇ ನಿನ್ನೆಯದ್ದು ಎಂದು ಹೇಳಿಬಿಡುವಳು. ಗಂಡ ಐತ ದೊಡ್ಡ ಬೋಟಿನಲ್ಲಿ ಕೆಲಸ ಮಾಡುತ್ತಿದ್ದ, ಹೋದರೆ ವಾರಗಟ್ಟಲೆ ಕಡಲಲ್ಲೇ. ಅವರಿಗೆ ಒಬ್ಬಳೇ ಮಗಳು, ಶ್ರೀಲತಾ. ಬೈಂದೂರಿನಲ್ಲಿ ಡಿಗ್ರಿ ಮುಗಿಸಿ ಬ್ರಹ್ಮಾವರದಲ್ಲಿ ಬಿ.ಎಡ್.ಗೆ ಸೇರಿದ್ದಳು. ಅವರ ಕೇರಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳೇ.

ಆ ವರ್ಷದ ಮೇ ತಿಂಗಳಲ್ಲಿ ಶ್ರೀಲತಾಳಿಗೆ ಸಂಬಂಧ ಕೂಡಿಬಂದಿತ್ತು. ಹುಡುಗ ಅನೂಪ್, ಸಾಸ್ತಾನದ ಕಡಲ ಬದಿಯ ಮನೆಯವನು. ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಣೆ ಕೆಲಸ. ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ, ಮನೆಯಲ್ಲಿ ಅವನೂ ಅವನ ತಾಯಿ ಸೀತುವೂ ಇಬ್ಬರೇ. ಸಂಬಂಧ ತಂದವನು ಐತನ ದಾಯಾದಿ ಗುಡ್ಡ. ನಿಶ್ಚಿತಾರ್ಥದ ದಿನ ಅನೂಪ ಶ್ರೀಲತಾಳಿಗೆ ಉಂಗುರದ ಜೊತೆ ಒಂದು ಮೊಬೈಲ್ ಫೋನೂ ಕೊಟ್ಟ. ಕೇರಿಯ ಹುಡುಗಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮದುವೆ ಬಿ.ಎಡ್. ಮುಗಿದ ಮೇಲೆ ಎಂದು ಮಾತಾಯಿತು.

ಮೊದಮೊದಲು ಅನೂಪ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ಆಮೇಲೆ ಬಸ್ಸು ಹತ್ತಿದಾಗೊಮ್ಮೆ, ಇಳಿದಾಗೊಮ್ಮೆ. ಕುಂದಾಪುರದಲ್ಲಿ ಬಸ್ಸು ಬದಲಿಸುವುದು ಹತ್ತು ನಿಮಿಷ ತಡವಾದರೆ ಏಕೆ ತಡವಾಯಿತೆಂದು ಕೇಳುವನು. ಮನೆಯಲ್ಲಿದ್ದೇನೆ ಎಂದರೆ ಅಮ್ಮನ ಕೈಗೆ ಕೊಡು ಎನ್ನುವನು. ಬಾಗಕ್ಕ ಫೋನು ತೆಗೆದುಕೊಂಡು “ಹೌದ್ ಮಗಾ, ಮನೆಂಗೇ ಇತ್ತ್ ಅದ್” ಎಂದು ಹೇಳಿ ಹಿಂದೆ ಕೊಡುವಳು. ಎಷ್ಟು ಕಾಳಜಿಯ ಹುಡುಗ ಎಂದು ಅವಳಿಗೆ ಸಂತೋಷವೇ ಆಗಿತ್ತಂತೆ.

ಒಂದು ಭಾನುವಾರ ಬಾಗಕ್ಕ ಮಧ್ಯಾಹ್ನ ಮನೆಗೆ ಬಂದಾಗ ಶ್ರೀಲತಾ ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದಳು. ಫೋನನ್ನು ಕಿವಿಗೆ ಹಿಡಿದಿರಲಿಲ್ಲ, ಕೈ ಚಾಚಿ ಕೋಳಿಗಳ ಕಡೆಗೆ ಹಿಡಿದಿದ್ದಳು. ಅಮ್ಮ ಮನೆಯಲ್ಲಿ ಇಲ್ಲವಾದರೆ ನೀನು ಮನೆಯಲ್ಲೇ ಇದ್ದೀ ಎಂದು ನಾನು ನಂಬುವುದು ಹೇಗೆ ಎಂದು ಅನೂಪ ಕೇಳಿದ್ದನಂತೆ. ಕೋಳಿಯ ಸದ್ದು ಕೇಳಿಸಿ ತೋರಿಸುತ್ತಿದ್ದಳು ಹುಡುಗಿ.

ಅಂದು ಬಾಗಕ್ಕ ಮಗಳನ್ನು ಕೂರಿಸಿಕೊಂಡು ಕೇಳಿದಳು. ಶ್ರೀಲತಾ ಮೊದಲು ನಕ್ಕಳು. ಆಮೇಲೆ, ಅವನದು ಕೆಟ್ಟ ಮನಸ್ಸಲ್ಲ, ಸ್ವಲ್ಪ ಪೊಸೆಸಿವ್ ಅಷ್ಟೆ ಎಂದಳು. ಕ್ಲಾಸಿನ ಹುಡುಗಿಯರೆಲ್ಲ ನೀನು ಪುಣ್ಯವಂತೆ ಅನ್ನುತ್ತಾರೆ ಎಂದೂ ಹೇಳಿದಳು. ಹೇಳುವಾಗ ಅವಳ ಕಣ್ಣು ಫೋನಿನ ಮೇಲೆಯೇ ಇತ್ತು, ಅನ್ನದ ಬಟ್ಟಲಿನ ಪಕ್ಕದಲ್ಲಿ ಇಟ್ಟುಕೊಂಡಿದ್ದ ಫೋನಿನ ಮೇಲೆ. ತಾಯಿಗೆ ಆ ಮಾತು ಅರ್ಥವಾಗಲಿಲ್ಲ, ಆದರೆ ಮಗಳ ಕಣ್ಣು ಅರ್ಥವಾಯಿತು. ಮಾರನೆಯ ದಿನವೇ ಅವಳು ನನ್ನ ಅಂಗಡಿಗೆ ಬಂದದ್ದು.

ನನ್ನ ಉತ್ತರದಿಂದ ಸಮಾಧಾನವಾಗದೆ ಬಾಗಕ್ಕ ಬೈಂದೂರಿನಲ್ಲಿ ವಕೀಲ ವಿಶಾಲರ ಮನೆಯ ಹಿಂದಿನ ಜಗಲಿಯಲ್ಲಿ ಮೀನು ಕೊಡುವಾಗ ಅದೇ ಮಾತನ್ನು ಕೇಳಿದಳು. ವಕೀಲರು ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದರೂ ನಿಂತು ಹೇಳಿದರಂತೆ. ಪೊಸೆಶನ್ ಎಂದರೆ ಸ್ವಾಧೀನ. ಜಾಗದ ಕಾಗದ ಯಾರ ಹೆಸರಿನಲ್ಲಾದರೂ ಇರಲಿ, ಬೇಲಿ ಹಾಕಿಕೊಂಡು ಒಳಗೆ ಕೂತವನು ಯಾರೋ ಅವನದು ಸ್ವಾಧೀನ. ಅವನನ್ನು ಎಬ್ಬಿಸುವುದು ಸುಲಭವಲ್ಲ, ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಯಾವ ಜಾಗದ ವಿಷಯ ಎಂದು ಅವರು ಕೇಳಿದರು. ಜಾಗದ್ದಲ್ಲ ಎಂದಷ್ಟೇ ಹೇಳಿ ಬಾಗಕ್ಕ ಬುಟ್ಟಿ ಎತ್ತಿಕೊಂಡಳು.

ಎರಡು ದಿನ ಬಿಟ್ಟು ಅವಳು ಮತ್ತೆ ನನ್ನ ಅಂಗಡಿಗೆ ಬಂದಳು. ಅಂದು ಬುಟ್ಟಿ ಇರಲಿಲ್ಲ, ಒಗೆದ ಸೀರೆ ಉಟ್ಟಿದ್ದಳು. ನಾನು ಹೇಳಿದ್ದು ಒಂದು, ವಕೀಲರು ಹೇಳಿದ್ದು ಇನ್ನೊಂದು, ಇದರಲ್ಲಿ ಯಾವುದು ನಿಜ ಎಂದು ಕೇಳಿದಳು. ಆಗಲೇ ಅವಳು ಕೋಳಿಯ ಕತೆಯನ್ನೂ ಹೇಳಿದ್ದು. ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳನ್ನು ಹಿಂದಿನ ಓಣಿಯ ಪ್ರೇಮಾನಂದ ಮಾಸ್ತರರ ಮನೆಗೆ ಕರೆದುಕೊಂಡು ಹೋದೆ.

ಮಾಸ್ತರರು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಾನೂ ಕೋಟದಲ್ಲಿ ಅವರ ವಿದ್ಯಾರ್ಥಿನಿಯೇ. ಯಾವ ಪ್ರಶ್ನೆಯನ್ನೂ ಸಣ್ಣದೆಂದು ತಳ್ಳಿದವರಲ್ಲ. ಮೀನು ತಿನ್ನದ ಮನೆ ಅದು, ಬಾಗಕ್ಕ ಹೊಸ್ತಿಲ ಹೊರಗೇ ನಿಂತಳು. ಅವರು ತಾವೇ ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಅವಳನ್ನು ಕೂರಿಸಿ, ತಾವು ಎದುರಿನ ಕುರ್ಚಿಯಲ್ಲಿ ಕೂತರು. ಮಾತು ಏನೆಂದು ಕೇಳಿದ ಮೇಲೆ ಒಳಗಿನಿಂದ ದಪ್ಪದ ನಿಘಂಟು ತರಿಸಿಕೊಂಡರು, ಆದರೆ ಕೂಡಲೇ ತೆರೆಯಲಿಲ್ಲ.

ಮೊದಲು ವ್ಯಾಕರಣದಿಂದ ಶುರು ಮಾಡಿದರು. ಇಂಗ್ಲಿಷ್ ವ್ಯಾಕರಣದಲ್ಲೂ ಪೊಸೆಸಿವ್ ಎಂದೊಂದಿದೆ, ಕನ್ನಡದಲ್ಲಿ ಅದಕ್ಕೆ ಷಷ್ಠಿ ವಿಭಕ್ತಿ ಎನ್ನುತ್ತೇವೆ, ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ಇರುವ ಸಂಬಂಧ ಹೇಳುವುದಕ್ಕೆ. ಬಾಗಿಯ ಬುಟ್ಟಿ. ಬಾಗಿಯ ಮಗಳು. ಬಾಗಿಯ ಊರು. ಮೂರರಲ್ಲೂ ಬಾಗಿಯ ಎಂಬ ಮಾತು ಒಂದೇ. ಆದರೆ ಬುಟ್ಟಿ ನಿನ್ನ ವಸ್ತು, ಬೇಕಾದರೆ ಮಾರಬಹುದು, ಒಲೆಗೂ ಹಾಕಬಹುದು. ಊರು ನಿನ್ನದೆಂದರೆ ನೀನು ಆ ಊರಿನವಳೆಂದು ಅರ್ಥ, ಊರಿಗೆ ನೀನು ಒಡತಿ ಅಲ್ಲ. ಮಗಳು ಬುಟ್ಟಿಯ ಹಾಗಲ್ಲ, ಊರಿನ ಹಾಗೂ ಅಲ್ಲ. ಮಾತು ಒಂದೇ ಆದ ಮಾತ್ರಕ್ಕೆ ಸಂಬಂಧ ಒಂದೇ ಎಂದು ತಿಳಿಯಬಾರದು. ಈ ಪಾಠ ಮಾಡುವಾಗ ಮಕ್ಕಳಿಗೆ ಇಂಗ್ಲಿಷಿನ ಅಪಾಸ್ಟ್ರಫಿ ಚಿಹ್ನೆ ಎಲ್ಲಿ ಹಾಕಬೇಕು ಎಂದಷ್ಟೇ ಕಲಿಸಿದೆ, ಇದನ್ನು ಹೇಳಬೇಕಿತ್ತು ಎಂದು ತಮ್ಮಷ್ಟಕ್ಕೆ ಎಂಬಂತೆ ಅಂದರು.

ಆಮೇಲೆ ನಿಘಂಟು ತೆರೆದು ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದರು. ತನ್ನ ವಸ್ತುವನ್ನು ಇನ್ನೊಬ್ಬರು ಮುಟ್ಟುವುದನ್ನು ಸಹಿಸದವನು, ಅದು ಒಂದು ಅರ್ಥ. ತಾನು ಪ್ರೀತಿಸುವ ಜೀವ ತನ್ನೊಬ್ಬನ ಕಡೆಗೇ ನೋಡುತ್ತಿರಬೇಕು, ಬೇರೆ ಯಾರ ಜೊತೆಯೂ ನಗಬಾರದು ಎನ್ನುವವನಿಗೂ ಇದೇ ಮಾತು. ಪ್ರೀತಿ ಅದರಲ್ಲಿ ಇಲ್ಲವೆಂದಲ್ಲ, ಇರಬಹುದು. ಆದರೆ ಆ ಮಾತು ಹೇಳುವುದು ಪ್ರೀತಿಯನ್ನಲ್ಲ, ಹಿಡಿತವನ್ನು. ನಾವು ಕಲಿಯುವ ಕಾಲಕ್ಕೆ ಇದು ಬೈಗುಳದ ಹತ್ತಿರದ ಮಾತಾಗಿತ್ತು, ಈಗ ಹೊಗಳಿಕೆಯ ಹಾಗೆ ಬಳಸುತ್ತಾರೆ ಎಂದರು.

ನಾನು ತಲೆ ತಗ್ಗಿಸಿ ಕೂತಿದ್ದೆ. ಬಾಗಕ್ಕ ಬೆಂಚಿನ ಅಂಚಿಗೆ ಕೈಯೂರಿ ಮುಂದೆ ಬಾಗಿದಳು. ನನಗೆ ಅವಳು ಅನೂಪನನ್ನು ಬೈಯುತ್ತಾಳೆ ಎಂದೇ ಅನ್ನಿಸಿತ್ತು. ಅವಳು ಹೇಳಿದ್ದೇ ಬೇರೆ.

“ಹಾಂಗಾರೆ ಅದ್ ನಂಗೂ ಇತ್ತ್ ಮಾಷ್ಟ್ರೆ,” ಎಂದಳು. “ಇವತ್ತ್ ಬೆಳಿಗ್ಗೆ ಸಾಸ್ತಾನಕ್ಕ್ ಹೋಯಿ ಉಂಗ್ರ ವಾಪಸ್ ಕೊಟ್ ಬಪ್ದ್ ಅಂದೇಳಿ ಹೊರ್ಟದ್ದ್ ನಾನ್. ಹೆಣ್ಣಿನ್ ಹತ್ರ ಒಂದ್ ಮಾತ್ ಕೇಣ್ಲಿಲ್ಲೆ. ಅವ ಹಾಕಿದ್ ಬೇಲಿ ಕಿತ್ತ್ ನನ್ನ್ ಬೇಲಿ ಹಾಕುಕ್ ಹೊರ್ಟದ್ದಾಯ್ತಲೆ ಅದ್.”

ಮಾಸ್ತರರು ನಿಘಂಟು ಮುಚ್ಚಿದರು. ಬಾಗಕ್ಕ ಹೋದ ಮೇಲೆ ಅವರು ನನ್ನ ಹತ್ತಿರ ಒಂದೇ ಮಾತು ಹೇಳಿದರು: ಮೂವತ್ತೈದು ವರ್ಷದಲ್ಲಿ ಒಂದು ಶಬ್ದದ ಅರ್ಥವನ್ನು ಮೊದಲು ತನಗೇ ಹಚ್ಚಿ ನೋಡಿದ ವಿದ್ಯಾರ್ಥಿ ತಮಗೆ ಸಿಕ್ಕಿರಲಿಲ್ಲವಂತೆ.

ಒಗೆದ ಸೀರೆ ಉಟ್ಟು ಬಂದದ್ದು ಸಾಸ್ತಾನದ ಬಸ್ಸು ಹಿಡಿಯಲು ಎಂದು ಆಗ ನನಗೆ ತಿಳಿಯಿತು. ಅವಳು ಬಸ್ಸು ಹತ್ತದೆ ಮನೆಗೆ ಹೋದಳು. ಸಂಜೆ ಮಗಳು ಕಾಲೇಜಿನಿಂದ ಬಂದು ಕೈಕಾಲು ತೊಳೆದ ಮೇಲೆ, ಯಾರು ಯಾರು ಏನೇನು ಅರ್ಥ ಹೇಳಿದರು ಎನ್ನುವುದನ್ನು ಒಂದೂ ಬಿಡದೆ ಹೇಳಿದಳಂತೆ. ನಾನು ಹೇಳಿದ್ದನ್ನೂ ಬಿಡಲಿಲ್ಲ. ಬೆಳಿಗ್ಗೆ ತಾನು ಏನು ಮಾಡಲು ಹೊರಟಿದ್ದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಕೊನೆಗೆ, ಇದರಲ್ಲಿ ಯಾವ ಅರ್ಥ ನಿನ್ನದು ಎಂದು ನೀನೇ ನೋಡಿಕೋ. ಬೇಕು ಅಂದರೂ ನಾನಿದ್ದೇನೆ, ಬೇಡ ಅಂದರೂ ನಾನಿದ್ದೇನೆ ಎಂದು ಹೇಳಿ ಅಡುಗೆಗೆ ಎದ್ದಳು.

ಆಮೇಲೆ ಹನ್ನೆರಡು ದಿನ ಬಾಗಕ್ಕ ಮಗಳನ್ನು ಒಂದು ಮಾತೂ ಕೇಳಲಿಲ್ಲ. ಕೇಳದೆ ಇರುವುದು ಅವಳಿಗೆ ಎಷ್ಟು ಕಷ್ಟವಾಯಿತು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವತ್ತೂ ಲೆಕ್ಕ ತಪ್ಪದವಳು ಆ ದಿನಗಳಲ್ಲಿ ನಮ್ಮ ಮನೆಗೆ ಎರಡೆರಡು ಸಲ ಮೀನು ತಂದಳು. ಫೋನು ಎಂದಿನಂತೆ ಬರುತ್ತಿತ್ತು, ಎಂದಿನಂತೆ ಅಮ್ಮನ ಕೈಗೂ ಬರುತ್ತಿತ್ತು. ಹೌದು ಮಗಾ ಎನ್ನುವಾಗ ಬಾಯಿ ಕಹಿಯಾಗುತ್ತಿತ್ತು ಎಂದು ಅವಳು ಒಮ್ಮೆ ಹೇಳಿದಳು. ಆದರೂ ಮಗಳ ಎದುರು ಮುಖ ಸಿಂಡರಿಸಲಿಲ್ಲ.

ಹದಿಮೂರನೆಯ ದಿನ ಬಸ್ಸಿನಲ್ಲಿ ಆ ಘಟನೆ ನಡೆಯಿತು. ಅಂದು ಶ್ರೀಲತಾಳಿಗೆ ಬ್ರಹ್ಮಾವರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡಿ ತೋರಿಸುವುದಿತ್ತು. ಅದಕ್ಕೆ ಅಂಕವೂ ಇತ್ತು. ಸೀಟು ಸಿಕ್ಕದೆ ನಿಂತಿದ್ದಳು. ಕೋಟದಲ್ಲಿ ಹತ್ತಿದ ಸಹಪಾಠಿ ಶೈಲೇಶ್ ಅವಳ ಕೈಯ ಚಾರ್ಟಿನ ಸುರುಳಿ ನಜ್ಜುಗುಜ್ಜಾಗುವುದನ್ನು ಕಂಡು ಅದನ್ನು ಇಸಿದುಕೊಂಡು ಮೇಲೆ ಎತ್ತಿ ಹಿಡಿದುಕೊಂಡ. ಬಸ್ಸು ಸಾಸ್ತಾನದಲ್ಲಿ ನಿಂತಾಗ ಅನೂಪ ಹತ್ತಿದ. ಹಿಂದೆಯೂ ಎರಡು ಮೂರು ಸಲ ಹೀಗೆ ಹೇಳದೆ ಹತ್ತಿ, ಅವಳು ಯಾರ ಪಕ್ಕ ಕೂತಿದ್ದಾಳೆ ಎಂದು ನೋಡಿ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗಿದ್ದನಂತೆ. ಅಂದು ಶೈಲೇಶನ ಕೈಯಿಂದ ಚಾರ್ಟು ಕಿತ್ತುಕೊಂಡ. ಕಾಗದ ಹರಿಯಿತು. ಇಳಿ, ಇವತ್ತು ಕಾಲೇಜು ಬೇಡ ಎಂದು ಶ್ರೀಲತಾಳಿಗೆ ಹೇಳಿದ. ಬಸ್ಸೆಲ್ಲ ತಿರುಗಿ ನೋಡಿತು.

ಶ್ರೀಲತಾ ಬಗ್ಗಿ ಹರಿದ ತುಂಡನ್ನು ಎತ್ತಿಕೊಂಡಳು. ದನಿ ಏರಿಸಲಿಲ್ಲ.

“ನಾನ್ ಇಳುದ್ ಬ್ರಹ್ಮಾವರದಂಗೆ. ಇವತ್ತ್ ನಂದ್ ಪಾಠ ಇತ್ತ್.”

ಕಂಡಕ್ಟರು ಸೀಟಿ ಊದಿದ. ಅನೂಪ ಒಂದು ನಿಮಿಷ ನಿಂತು ಇಳಿದುಹೋದ. ಅವಳು ಶಾಲೆಯ ಜಗಲಿಯಲ್ಲಿ ಕೂತು ಚಾರ್ಟಿಗೆ ಅಂಟು ಹಚ್ಚಿ, ಪಾಠ ಮಾಡಿ, ಒಳ್ಳೆಯ ಅಂಕವನ್ನೇ ಪಡೆದಳು. ಮನೆಗೆ ಬಂದ ಮೇಲೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳಂತೆ. ಅತ್ತು ಮುಗಿದ ಮೇಲೆ, ಭಾನುವಾರ ಸಾಸ್ತಾನಕ್ಕೆ ಹೋಗುವ, ಮಾತು ನಾನೇ ಆಡುತ್ತೇನೆ, ನೀನು ಜೊತೆಗೆ ಬಾ ಎಂದಳು.

ಭಾನುವಾರ ತಾಯಿ ಮಗಳು ಹೋದರು. ಐತ ಕಡಲಿಗೆ ಹೋಗಿದ್ದವನು ಬಂದಿರಲಿಲ್ಲ. ಅಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಎರಡೂ ಒಂದೇ ರೀತಿ ಇತ್ತು. ಸೀತು ನೀರು ಬೆಲ್ಲ ಕೊಟ್ಟಳು. ಅನೂಪ ತಾನಾಗಿಯೇ ಬಸ್ಸಿನ ವಿಷಯ ಎತ್ತಿ, ತಪ್ಪಾಯಿತು, ಸಿಟ್ಟು ಬಂತು ಎಂದ. ಶ್ರೀಲತಾ ಬಸ್ಸಿನ ಮಾತು ಅಲ್ಲಿಗೇ ಬಿಟ್ಟಳು. ಓದು ಮುಗಿಸುತ್ತೇನೆ, ಕೆಲಸಕ್ಕೆ ಸೇರುತ್ತೇನೆ, ಜೊತೆಗೆ ಕಲಿಯುವವರ ಹತ್ತಿರ, ಕಲಿಸುವವರ ಹತ್ತಿರ ಮಾತಾಡುತ್ತೇನೆ, ಎಲ್ಲಿದ್ದೇನೆ ಎಂದು ಇನ್ನು ಮುಂದೆ ಯಾರಿಗೂ ಸಾಕ್ಷಿ ಕೊಡುವುದಿಲ್ಲ; ಇದು ಆಗಬಹುದಾದರೆ ಮದುವೆ ಎಂದಳು. ಇಷ್ಟು ಪ್ರೀತಿ ಮಾಡಿದ್ದಕ್ಕೆ ಇದೇನಾ ಸಿಗುವುದು ಎಂದು ಅನೂಪ ಕೇಳಿದ.

ಆಗ ಬಾಗಕ್ಕ, ಮಗಳ ಮುಖ ನೋಡಿ ಅವಳು ಹೂಂ ಎಂದ ಮೇಲೆ, ತನ್ನದೊಂದು ಕತೆ ಹೇಳಿದಳು. ಮದುವೆಯಾದ ಹೊಸತರಲ್ಲಿ ಐತನೂ ಹೀಗೆಯೇ ಇದ್ದನಂತೆ. ಮೀನು ಮಾರುವಾಗ ಗಂಡಸರ ಹತ್ತಿರ ಚೌಕಾಸಿ ಮಾಡುತ್ತಾಳೆ, ನಗುತ್ತಾಳೆ ಎಂದು ಹಿಂದಿನಿಂದ ಮರೆಯಾಗಿ ಬರುತ್ತಿದ್ದ. ಒಂದು ದಿನ ಅವಳು ತಿರುಗಿ ನಿಂತು, ಹೇಗೂ ಬರುತ್ತಿ, ಸುಮ್ಮನೆ ಯಾಕೆ ಬರುತ್ತಿ ಎಂದು ಬುಟ್ಟಿಯನ್ನು ಅವನ ತಲೆಗೆ ಇಟ್ಟಳು. ಬೈಂದೂರಿನವರೆಗೆ ಮನೆ ಮನೆಗೆ ಕರೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಅವನ ಕುತ್ತಿಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅವಳು ಯಾರ ಹತ್ತಿರ ಯಾಕೆ ನಗುತ್ತಾಳೆ ಎಂದು ನಾಲ್ಕು ಮನೆಯ ಅಂಗಳದಲ್ಲಿ ನಿಂತು ಕಂಡ. ಮಾರನೆಯ ದಿನದಿಂದ ಹಿಂದೆ ಬರಲಿಲ್ಲ. ಅವಳು ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಡತೊಡಗಿದ. ಗಂಡಸು ಬದಲಾಗುವುದಿಲ್ಲ ಎಂದು ನಾನು ಹೇಳುವುದಿಲ್ಲ ಮಗಾ, ಆದರೆ ಅದಕ್ಕೆ ಅವನೇ ಬುಟ್ಟಿ ಹೊರಬೇಕು ಎಂದಳು.

ಅನೂಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅಂಗಳ ನೋಡುತ್ತಾ ಕೂತಿದ್ದವನು ಆಮೇಲೆ ಶ್ರೀಲತಾಳಿಗೆ ಹೇಳಿದ:

“ಹ್ಞೂಂ ಅಂದೇಳಿ ಹೇಳ್ಲಕ್ಕ್. ಆರೆ ನನ್ನ್ ಕೈಯಂಗ್ ಆತಿಲ್ಲೆ. ಮದಿ ಆದ್ಮೇಲೆ ನಾನ್ ಮತ್ತೆ ಎಲ್ಲಿದ್ದೆ ಅಂದೇಳಿ ಕೇಂತೆ.”

ಅವನ ಈ ಮಾತನ್ನು ನೆನೆದಾಗಲೆಲ್ಲ ಅವನ ಬಗ್ಗೆಯೂ ನನಗೆ ಗೌರವ ಬರುತ್ತದೆ. ಒಪ್ಪಿದೆ ಎಂದು ಸುಳ್ಳು ಹೇಳುವುದು ಅವನಿಗೆ ಬಹಳ ಸುಲಭವಿತ್ತು. ಶ್ರೀಲತಾ ಉಂಗುರವನ್ನೂ ಫೋನನ್ನೂ ಬಟ್ಟಲಿನಲ್ಲಿ ಇಟ್ಟಳು. ಸೀತು ಅವರನ್ನು ಹೆದ್ದಾರಿಯವರೆಗೆ ಬಿಡಲು ಬಂದಳು. ದಾರಿಯುದ್ದಕ್ಕೂ ಶ್ರೀಲತಾಳ ಕೈ ಹಿಡಿದುಕೊಂಡಿದ್ದಳು. ಬಸ್ಸು ಕಾಣಿಸಿದಾಗ ಅವಳು ಹೇಳಿದ್ದು ಇಷ್ಟು: “ನಾನ್ ಈ ಮನೆಗ್ ಬಪ್ಪತಿಗೆ ನನ್ನ್ ಹತ್ರ ಯಾರೂ ಕೇಣ್ಲಿಲ್ಲೆ ಮಗಾ. ನಿನ್ನ್ ಹೆತ್ತ್ ಅಬ್ಬಿ ಕೇಂಡ್ರ್. ಒಳ್ಳೇದಾಯ್ತ್.”

ಊರಿನಲ್ಲಿ ಮಾತು ಏಳದೆ ಇರಲಿಲ್ಲ. ಓದಿಸಿದ್ದೇ ತಪ್ಪಾಯಿತು ಎಂದರು. ಬಸ್ಸಿನ ಹುಡುಗನ ಹೆಸರನ್ನು ಸೇರಿಸಿ ಇಲ್ಲದ ಕತೆ ಕಟ್ಟಿದರು. ಗುಡ್ಡ ಒಂದು ವರ್ಷ ಅವರ ಮನೆಗೆ ಕಾಲಿಡಲಿಲ್ಲ. ಐತ ಕಡಲಿನಿಂದ ಬಂದವನು ಎಲ್ಲ ಕೇಳಿ, ಹೆಂಡತಿ ಮಗಳು ಸರಿಯೆಂದರೆ ತನಗೂ ಸರಿ ಎಂದ. ಅವನ ಕತೆಯನ್ನು ಸಾಸ್ತಾನದಲ್ಲಿ ಹೇಳಿದ್ದಕ್ಕೆ ಮಾತ್ರ ಎರಡು ದಿನ ಮುನಿಸಿಕೊಂಡಿದ್ದನಂತೆ. ಒಂದು ಬೆಳಿಗ್ಗೆ ಕಡಲ ದಡದಲ್ಲಿ ಮೀನು ಹರಾಜಾಗುವಾಗ ಪದ್ದು ಎಂಬವಳು, ಮಗಳ ಮಾತು ಕೇಳಿ ಕುಣಿಯುವ ತಾಯಿಯೂ ಇದ್ದಾಳಲ್ಲ ಎಂದು ಹತ್ತು ಜನರ ಎದುರು ಹೇಳಿದಳು. ಬಾಗಕ್ಕ ಬುಟ್ಟಿ ತುಂಬುವುದನ್ನು ನಿಲ್ಲಿಸಲಿಲ್ಲ. “ಹೆಣ್ಣ್ ನಂದೇ ಹೌದ್. ಬದ್ಕ್ ಅದ್ರದ್ದ್,” ಎಂದಳು. ಆ ಮಾತನ್ನು ಮತ್ತೆ ಯಾರೂ ಬೆಳೆಸಲಿಲ್ಲ.

ಅನೂಪನಿಗೆ ಎರಡು ವರ್ಷದ ನಂತರ ಬೇರೆ ಕಡೆ ಮದುವೆಯಾಯಿತು. ಬಾಗಕ್ಕ ಎಲ್ಲಿಯಾದರೂ ಅವನನ್ನು ಕಂಡರೆ ನಿಂತು ಮಾತಾಡಿಸುತ್ತಾಳೆ, ತಾಯಿಯನ್ನು ವಿಚಾರಿಸುತ್ತಾಳೆ. ಅವನ ಬಗ್ಗೆ ಅವಳ ಬಾಯಿಂದ ಒಂದು ಕೆಟ್ಟ ಮಾತು ನಾನು ಕೇಳಿಲ್ಲ.

ಶ್ರೀಲತಾ ಬಿ.ಎಡ್. ಮುಗಿಸಿ ಎರಡು ವರ್ಷ ಕುಂದಾಪುರದ ಒಂದು ಖಾಸಗಿ ಶಾಲೆಯಲ್ಲಿ ಕಲಿಸಿದಳು. 2010ರಲ್ಲಿ ಸರಕಾರಿ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಆಯ್ಕೆಯಾದಳು. ಊರು ಮಾತ್ರ ಕೊಪ್ಪಳ ಜಿಲ್ಲೆಯಲ್ಲಿ. ಆದೇಶದ ಪ್ರತಿ ತೆಗೆಸಲು ಬಾಗಕ್ಕನೇ ಅಂಗಡಿಗೆ ಬಂದಳು. ಕೊಪ್ಪಳ ಎಲ್ಲಿದೆ ಎಂದು ಕೇಳಿದಳು. ಗೋಡೆಯ ಮೇಲಿದ್ದ ಕರ್ನಾಟಕದ ನಕ್ಷೆಯಲ್ಲಿ ತೋರಿಸಿದೆ. ಒಂದು ಬೆರಳನ್ನು ಉಪ್ಪುಂದದ ಮೇಲೆ, ಇನ್ನೊಂದನ್ನು ಕೊಪ್ಪಳದ ಮೇಲೆ ಇಟ್ಟು ನೋಡಿದಳು. ಅಲ್ಲಿ ಕಡಲು ಉಂಟಾ ಎಂದು ಕೇಳಿದಳು. ಇಲ್ಲ ಎಂದೆ. ಸ್ಟೂಲಿನ ಮೇಲೆ ಕೂತಳು. ಆಗ ಅವಳ ಕಣ್ಣಿನಲ್ಲಿ ನೀರು ಬಂತು. ಅಷ್ಟು ವರ್ಷದಲ್ಲಿ ನಾನು ನೋಡಿದ್ದು ಅದೊಂದೇ ಸಲ.

ನನಗೆ ತಡೆಯಲಾಗಲಿಲ್ಲ. ಇರುವವಳು ಒಬ್ಬಳೇ ಮಗಳು, ಬೇಡವೆನ್ನಬಾರದೇ, ಕುಂದಾಪುರದ ಕೆಲಸ ಇದ್ದೇ ಇದೆಯಲ್ಲ ಎಂದೆ.

“ಬೇಡ ಅಂದ್ರೆ ಅದ್ ಹೋತಿಲ್ಲೆ ಅಮ್ಮ,” ಎಂದಳು ಬಾಗಕ್ಕ. “ಅದ್ಕೇ ನಾನ್ ಹೇಳುಕಾಗ.”

ಕಣ್ಣೊರೆಸಿಕೊಂಡು ಎದ್ದು ಹೋದಳು. ಒಂದು ವಾರದಲ್ಲಿ ಮಗಳ ಗಂಟು ಕಟ್ಟಿದಳು. ಒಣ ಸಿಗಡಿ, ಕುಚ್ಚಿಗೆ ಅಕ್ಕಿ, ತೆಂಗಿನೆಣ್ಣೆ, ಹೊಸ ಚಾಪೆ. ಕುಂದಾಪುರದಿಂದ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಮಗಳನ್ನು ಹತ್ತಿಸಿದಳು, ಐತ ಜೊತೆಗೆ ಹೋದ. ಸೇರಿಸುವುದಕ್ಕೆ ಒಬ್ಬರು ಹೋದರೆ ಸಾಕು, ಇಬ್ಬರೂ ಹೋಗಿ ನಿಂತರೆ ಅವಳಿಗೆ ಅಲ್ಲಿ ನಿಲ್ಲಲು ಕಷ್ಟವಾದೀತು ಎಂದು ತಾನು ಉಳಿದಳು.

ಡಿಸೆಂಬರಿನಲ್ಲಿ ಅವಳೂ ಐತನ ಜೊತೆ ಹೋದಳು, ಎಂಟು ದಿನಕ್ಕೆ. ಬಂದ ಮೇಲೆ ಅಲ್ಲಿನ ಜೋಳದ ಹೊಲದ ಬಗ್ಗೆ, ನೀರಿನ ಗಡಸಿನ ಬಗ್ಗೆ, ಮಗಳ ಮನೆಯ ಪಕ್ಕದವರು ಒಣ ಸಿಗಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ಆಮೇಲೆ ರುಚಿ ಹತ್ತಿ ಕೇಳಿ ಪಡೆದದ್ದರ ಬಗ್ಗೆ ಬೇಕಾದಷ್ಟು ಹೇಳಿದಳು. ಶಾಲೆಯ ವಿಷಯ ಮಾತ್ರ ಅವಳು ಹೇಳಲಿಲ್ಲ, ಐತನಿಂದ ನನಗೆ ಗೊತ್ತಾಯಿತು. ಒಂದು ದಿನ ಇಬ್ಬರೂ ಶಾಲೆ ನೋಡಲು ಹೋಗಿದ್ದರಂತೆ. ಹೆಡ್‌ಮಾಸ್ತರರು ಕುರ್ಚಿ ಹಾಕಿಸಿದರೂ ಬಾಗಕ್ಕ ಕೂರಲಿಲ್ಲ. ಮಗಳು ಪಾಠ ಮಾಡುವ ಕೋಣೆಯ ಹೊರಗೆ, ಮಕ್ಕಳಿಗೂ ಮಗಳಿಗೂ ಕಾಣದ ಹಾಗೆ ಗೋಡೆಗೆ ಒರಗಿ, ಗಂಟೆ ಹೊಡೆಯುವವರೆಗೆ ನಿಂತಿದ್ದಳಂತೆ. ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು, ಒಂದು ಮಾತೂ ಅವಳಿಗೆ ತಿಳಿಯುವಂತಿರಲಿಲ್ಲ. ಕಾಲು ನೋಯುವುದಿಲ್ಲವಾ ಎಂದು ಐತ ಮೆಲ್ಲಗೆ ಕೇಳಿದ್ದಕ್ಕೆ, ಸುಮ್ಮನಿರು ಎಂದು ಕೈ ಮಾಡಿದಳಂತೆ.